ಬೆಳಗಿನ ಜಾವ ಬಂದ ತೊಗರಿ ಹಿಂದಿನ ದಿನದ ಲೆಕ್ಕಕ್ಕೆ ಹೋಗ್ತಿದೆ, ಪೈಥಾನ್ ದಿನಾಂಕ ಯಾಕೆ ಹೀಗೆ?

ಗಂಜ್‌ಹುಡುಗ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ದೊಡ್ಡ ಪ್ರೋಗ್ರಾಮರ್ ಏನಲ್ಲ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಾ ಪೈಥಾನ್ ಕಲಿತವನು. ನಮ್ಮ ಮಾಮಾ ಇಲ್ಲಿ ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆ) ದಲಾಲಿ ಅಂಗಡಿ ನಡೆಸುತ್ತಾರೆ. ತೊಗರಿ ಸೀಸನ್‌ನಲ್ಲಿ ಕಿರ್ದಿ (ದಿನದ ಲೆಕ್ಕದ ಪುಸ್ತಕ) ಬರೆಯಲು ಆಳು ಸಿಗಲ್ಲ ಅಂತ ಅವರಿಗೊಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಮಾಲು ಬಂದ ಕೂಡಲೇ ರೈತನ ಹೆಸರು, ಊರು, ಚೀಲ, ತೂಕ ಹಾಕಬೇಕು, ಸವಾಲು (ಹರಾಜು) ಆದ ಮೇಲೆ ದರ ಹಾಕಿದರೆ ಪಟ್ಟಿ, ಅಂದರೆ ಬಿಲ್ಲು, ಬರುತ್ತದೆ. ದಿನಾಂಕವನ್ನು ಯಾರೂ ಹಾಕಬೇಕಿಲ್ಲ, ಪ್ರೋಗ್ರಾಮೇ ಹಾಕಿಕೊಳ್ಳುತ್ತದೆ. ಡೇಟಾ ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್‌ನಲ್ಲಿದೆ. ಬಾಡಿಗೆ ಸರ್ವರ್ ಒಂದರಲ್ಲಿ ಓಡಿಸುತ್ತಿದ್ದೇನೆ, ನೆಟ್ ಹೋದರೆ ಇರಲಿ ಅಂತ ಅಂಗಡಿಯ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಕಾಪಿ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಜನವರಿ 13, ಸೋಮವಾರ, ಬೆಳಗಿನ ಜಾವ ನಾಲ್ಕಕ್ಕೆ ಮೂರು ಟ್ರ್ಯಾಕ್ಟರ್ ಬಂದವು. ಹುಡುಗರು ಆಗಲೇ ಎಂಟ್ರಿ ಮಾಡಿದ್ದಾರೆ. ಪಟ್ಟಿಯಲ್ಲಿ ನೋಡಿದರೆ ಜನವರಿ 12 ಅಂತ ಬಂದಿದೆ. 12 ಭಾನುವಾರ, ನಮ್ಮ ಅಂಗಡಿ ಬಂದ್. ಲೆಕ್ಕ ನೋಡುವವರು ಫೋನ್ ಮಾಡಿ, ಬಂದ್ ಇದ್ದ ದಿನ ಮಾಲು ಹೇಗಪ್ಪಾ ಬಂತು, ಕಾಟಾ ಚೀಟಿಯಲ್ಲಿ (ತೂಕದ ಚೀಟಿ) 13 ಅಂತಿದೆ ಅಂತ ಕೇಳಿದರು. ಅವರು ಕೇಳುವವರೆಗೆ ಮಾಮಾನೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ.

ದಿನಾಂಕಕ್ಕೆ ಬಳಸಿದ್ದು ಡೇಟ್ ಡಾಟ್ ಟುಡೇ. ಅಷ್ಟೇ, ಬೇರೆ ಏನೂ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಗಂಟೆಗೆ ಎದ್ದು ಟೆಸ್ಟ್ ಮಾಡಿದೆ (ಹೌದು, ಎದ್ದೆ), ಸರಿಯಾಗಿ ಬಂತು. ಸರ್ವರ್‌ನಲ್ಲಿ ತಪ್ಪು. ಆಮೇಲೆ ಎಲ್ಲೋ ಓದಿ, ಈಗಿನ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ ದಿನಾಂಕ ತೆಗೆಯುವ ಹಾಗೆ ಮಾಡಿದೆ. ಸರ್ವರ್ ಸರಿ ಹೋಯಿತು. ಆದರೆ ಈಗ ಲ್ಯಾಪ್‌ಟಾಪ್‌ನಲ್ಲಿ ಸಂಜೆ ಆರೂವರೆ ಆದ ಮೇಲೆ ಮಾಡಿದ ಎಂಟ್ರಿ ಎಲ್ಲಾ ನಾಳೆಯ ದಿನಾಂಕಕ್ಕೆ ಹೋಗುತ್ತಿದೆ! ಒಂದು ಕಡೆ ನಿನ್ನೆ, ಒಂದು ಕಡೆ ನಾಳೆ, ಇವತ್ತು ಅನ್ನೋದು ಎಲ್ಲೂ ಇಲ್ಲ. ಏನು ಮಾಡಲಿ?

ಮೊಬೈಲ್‌ನಿಂದ ಬರೆಯುತ್ತಿದ್ದೇನೆ, ಕೋಡ್ ಪದಗಳನ್ನು ಕನ್ನಡದಲ್ಲೇ ಓದಿಕೊಳ್ಳಿ.

ಸುರಪುರದವ (ಯಾದಗಿರಿ ಜಿಲ್ಲೆ, ಸದ್ಯ ಬೆಂಗಳೂರು)

ಇದು ಎಲ್ಲರೂ ಒಮ್ಮೆ ಬೀಳುವ ಗುಂಡಿ, ಚಿಂತೆ ಬೇಡ ತಮ್ಮಾ.

ಡೇಟ್ ಡಾಟ್ ಟುಡೇ ಅಂದರೆ "ಈ ಮಷಿನ್ ಪ್ರಕಾರ ಇವತ್ತು" ಅಂತ ಅರ್ಥ, "ಕಲಬುರಗಿಯಲ್ಲಿ ಇವತ್ತು" ಅಂತ ಅಲ್ಲ. ನಿನ್ನ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿದೆ. ಬಾಡಿಗೆ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಪ್ರಪಂಚಕ್ಕೆಲ್ಲಾ ಆಧಾರವಾದ ಸಮಯದಲ್ಲಿ, ಇರುತ್ತವೆ. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ನಮ್ಮ ಬೆಳಿಗ್ಗೆ 5:30 ಆದಾಗಲೇ ಆ ಸರ್ವರ್‌ನಲ್ಲಿ ಹೊಸ ದಿನ ಶುರು. ಸೋಮವಾರ ನಾಲ್ಕು ಗಂಟೆಗೆ ಅಲ್ಲಿ ಇನ್ನೂ ಭಾನುವಾರ ರಾತ್ರಿ ಹತ್ತೂವರೆ.

ಐದೂವರೆ ಕೂಡಿಸುವ ಉಪಾಯ ಮಾಡಲೇಬೇಡ. ಮಷಿನ್ ಯುಟಿಸಿಯಲ್ಲಿದೆ ಅಂತ ಅಂದುಕೊಂಡು ಕೂಡಿಸಿದ್ದೀಯ. ಲ್ಯಾಪ್‌ಟಾಪ್‌ಗೆ ಅದು ಸುಳ್ಳು, ಅದು ಆಗಲೇ ಐದೂವರೆ ಮುಂದಿದೆ, ಅದರ ಮೇಲೆ ಮತ್ತೆ ಐದೂವರೆ. 6:30ಕ್ಕೆ ಐದೂವರೆ ಕೂಡಿಸಿದರೆ ನಡುರಾತ್ರಿ ಹನ್ನೆರಡು, ಅದಕ್ಕೇ ಸಂಜೆ ಆರೂವರೆಗೆ ನಿನ್ನ ನಾಳೆ ಬಂದುಬಿಡುತ್ತದೆ.

ಸರಿಯಾದ ದಾರಿ ಇದು. ಡೇಟ್‌ಟೈಮ್ ಡಾಟ್ ನೌ ಕರೆಯುವಾಗ ಬ್ರಾಕೆಟ್ ಖಾಲಿ ಬಿಡಬೇಡ, ಒಳಗೆ ಝೋನ್ ಹೆಸರು ಕೊಡು. ಪೈಥಾನ್ 3.9ರಿಂದ ಝೋನ್‌ಇನ್ಫೋ ಅನ್ನೋ ಮಾಡ್ಯೂಲ್ ಜೊತೆಗೇ ಬರುತ್ತದೆ, ಅದರಲ್ಲಿ ನಮ್ಮ ಝೋನ್ ಹೆಸರು ಏಷ್ಯಾ ಓರೆಗೆರೆ ಕೋಲ್ಕತಾ. ಅದರಿಂದ ಬಂದ ಸಮಯಕ್ಕೆ ಡಾಟ್ ಡೇಟ್ ಅಂದರೆ ಮಷಿನ್ ಎಲ್ಲೇ ಇರಲಿ, ಯಾವ ದೇಶದಲ್ಲೇ ಇರಲಿ, ನಮ್ಮ ದಿನಾಂಕವೇ ಸಿಗುತ್ತದೆ.

ಇನ್ನೊಂದು ಮಾತು. ಯೂಟಿಸಿನೌ ಅಂತ ಒಂದು ಹಳೆಯ ಫಂಕ್ಷನ್ ಇದೆ, ನೆಟ್‌ನಲ್ಲಿ ಸಿಗೋ ಅರ್ಧ ಉತ್ತರಗಳಲ್ಲಿ ಅದೇ ಇರುತ್ತದೆ. ಅದು ಯುಟಿಸಿ ಸಮಯ ಕೊಡುತ್ತದೆ, ಆದರೆ ಇದು ಯುಟಿಸಿ ಅನ್ನೋ ಗುರುತು ಹಚ್ಚಿ ಕೊಡಲ್ಲ. ಹೆಸರಿಲ್ಲದ ಚೀಲ ಇದ್ದ ಹಾಗೆ, ಯಾರ ಮಾಲು ಅಂತ ಆಮೇಲೆ ಗೊತ್ತಾಗಲ್ಲ. ಪೈಥಾನ್ 3.12ರಲ್ಲಿ ಅದನ್ನು ಬಳಸಬೇಡಿ ಅಂತ ಎಚ್ಚರಿಕೆಯನ್ನೇ ಹಾಕಿದ್ದಾರೆ.

ಸೀದಾಮಾತು (ಬೀದರ್)

ಇಷ್ಟೆಲ್ಲಾ ಯಾಕೆ? ಸರ್ವರ್‌ನ ಟೈಮ್‌ಝೋನನ್ನೇ ಭಾರತಕ್ಕೆ ಬದಲಾಯಿಸಿ. ಒಂದು ಕಮಾಂಡ್. ಮುಗೀತು.

ಸುರಪುರದವ

ಇವತ್ತಿಗೆ ಮುಗಿಯುತ್ತದೆ, ಹೌದು. ಆರು ತಿಂಗಳ ಮೇಲೆ ಬಾಡಿಗೆ ಜಾಸ್ತಿ ಆಯಿತು ಅಂತ ಬೇರೆ ಸರ್ವರ್‌ಗೆ ಹೋಗುತ್ತಾನೆ, ಆ ಕಮಾಂಡ್ ಮರೆತಿರುತ್ತಾನೆ, ಮತ್ತೆ ಇಲ್ಲೇ ಬಂದು ಇದೇ ಪ್ರಶ್ನೆ ಕೇಳುತ್ತಾನೆ. ನನ್ನ ಹಳೆಯ ಕೆಲಸದಲ್ಲಿ ಸರಿಯಾಗಿ ಇದೇ ಆಗಿತ್ತು, ಎರಡು ದಿನ ನಿದ್ದೆ ಇಲ್ಲ.

ಗಂಜ್‌ಹುಡುಗ

ಸುರಪುರದ ಅಣ್ಣಾ, ತುಂಬಾ ಥ್ಯಾಂಕ್ಸ್. ಆದರೆ ಇನ್ನೊಂದು ಮಜಾ ಆಯಿತು. ಲ್ಯಾಪ್‌ಟಾಪ್‌ನಲ್ಲಿ ಹಳೆಯ ಪೈಥಾನ್ 3.8 ಇದೆ, ಝೋನ್‌ಇನ್ಫೋ ಇಲ್ಲ. ಅದರ ಬದಲು ಪೈಟಿಝಡ್ ಅನ್ನೋ ಟೈಮ್‌ಝೋನ್ ಪ್ಯಾಕೇಜ್ ಹಾಕಿಕೊಂಡೆ. ಸವಾಲಿನ ಸಮಯ ಬೆಳಿಗ್ಗೆ 11:00 ಅಂತ ಕೈಯಿಂದ ಕೊಟ್ಟು, ಝೋನ್ ಕೊಡುವ ಟಿಝಡ್‌ಇನ್ಫೋ ಜಾಗದಲ್ಲಿ ಕೋಲ್ಕತಾ ಹಾಕಿ ಪ್ರಿಂಟ್ ಮಾಡಿದರೆ ಪಕ್ಕದಲ್ಲಿ ಪ್ಲಸ್ 05:53 ಅಂತ ಬರುತ್ತದೆ. 05:30 ಬರಬೇಕಲ್ವಾ? ಈ 23 ನಿಮಿಷ ಎಲ್ಲಿಂದ ಬಂತು? ಮೊದಲು ನನ್ನ ಕಣ್ಣೇ ಸರಿ ಇಲ್ಲ ಅಂದುಕೊಂಡೆ.

ಸುರಪುರದವ

ಕಣ್ಣು ಸರಿಯಾಗೇ ಇದೆ. ಇದು ನನಗೆ ಬಹಳ ಇಷ್ಟದ ಬಗ್, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸು.

ಭಾರತಕ್ಕೆಲ್ಲಾ ಒಂದೇ ಸಮಯ ಅಂತ ಆಗಿದ್ದು 1906ರ ಜನವರಿ 1ರಿಂದ. ಅದಕ್ಕಿಂತ ಮುಂಚೆ ಊರಿಗೊಂದು ಸಮಯ, ನೆತ್ತಿ ಮೇಲೆ ಸೂರ್ಯ ಬಂದಾಗ ಆ ಊರಿಗೆ ಮಧ್ಯಾಹ್ನ. ಕಂಪ್ಯೂಟರ್‌ಗಳೆಲ್ಲಾ ಬಳಸುವ ಟೈಮ್‌ಝೋನ್ ಪಟ್ಟಿಯಲ್ಲಿ ಆ ಹಳೆಯ ಲೆಕ್ಕವೂ ಕೂತಿದೆ. ಕೋಲ್ಕತಾ ಹೆಸರಿನ ಮೊದಲ ಸಾಲು ಆ ಊರಿನ ಸ್ವಂತ ಸಮಯ, 5 ಗಂಟೆ 53 ನಿಮಿಷ 28 ಸೆಕೆಂಡ್. ಪೈಟಿಝಡ್‌ನ ಝೋನನ್ನು ನೇರವಾಗಿ ಟಿಝಡ್‌ಇನ್ಫೋ ಜಾಗದಲ್ಲಿ ಇಟ್ಟರೆ, ಯಾವ ದಿನಾಂಕಕ್ಕೆ ಯಾವ ಸಾಲು ಅಂತ ಹುಡುಕಲು ಅದಕ್ಕೆ ಅವಕಾಶವೇ ಸಿಗಲ್ಲ, ಮೊದಲ ಸಾಲನ್ನೇ ಎತ್ತಿಕೊಡುತ್ತದೆ. ಅಂದರೆ ನಿನ್ನ ತೊಗರಿ ಸವಾಲು ಬ್ರಿಟಿಷರ ಕಾಲದ ಕಲ್ಕತ್ತೆಯ ಗಡಿಯಾರದಲ್ಲಿ ನಡೆದಿದೆ. ಪೈಟಿಝಡ್ ಬಳಸಲೇಬೇಕು ಅಂದರೆ ಅದರ ಲೋಕಲೈಝ್ ಫಂಕ್ಷನ್ ಮೂಲಕವೇ ಹೋಗಬೇಕು. ನನ್ನನ್ನು ಕೇಳಿದರೆ ಲ್ಯಾಪ್‌ಟಾಪ್‌ನ ಪೈಥಾನನ್ನೇ ಹೊಸದಕ್ಕೆ ಏರಿಸು, 3.8ಕ್ಕೆ ಈಗ ಸೆಕ್ಯುರಿಟಿ ಅಪ್‌ಡೇಟ್ ಕೂಡ ಬರಲ್ಲ.

ಅದೇ ಪಟ್ಟಿಯಲ್ಲಿ ಇನ್ನೊಂದಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು, ಅಂದರೆ ಯುಟಿಸಿಗಿಂತ ಆರೂವರೆ ಗಂಟೆ ಮುಂದೆ. ಝೋನ್ ಹೆಸರು ಕೊಟ್ಟರೆ ಇದೆಲ್ಲಾ ತಾನಾಗಿ ಸರಿ ಬರುತ್ತದೆ, ಬರೀ ಐದೂವರೆ ಕೂಡಿಸಿದರೆ ಬರಲ್ಲ. ನಿನ್ನ ತೊಗರಿಗೆ 1943 ಬೇಕಾಗಲ್ಲ, ಅದು ಗೊತ್ತು.

ಕಲಬುರಗಿಯ ಸೂರ್ಯನ ಲೆಕ್ಕ ಹಿಡಿದರೂ ಮಜಾ ಇದೆ. ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ಕಲಬುರಗಿ ಸುಮಾರು 76.8. ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಿಮ್ಮ ಬಿಸಿಲು ಗಡಿಯಾರಕ್ಕಿಂತ ಹತ್ತಿರ ಹತ್ತಿರ 23 ನಿಮಿಷ ಹಿಂದೆ. ಆ ಕಡೆ ಕೋಲ್ಕತಾ 23 ನಿಮಿಷ ಮುಂದೆ, ಈ ಕಡೆ ನೀವು 23 ನಿಮಿಷ ಹಿಂದೆ. ಸುಮ್ನೆ ಹೇಳಿದೆ.

ಹಳೇಕಿರ್ದಿ (ಕಲಬುರಗಿ)

ನನಗೆ ಪೈಥಾನ್ ಗೊತ್ತಿಲ್ಲ, ಮಗ ಈ ಚರ್ಚೆ ತೋರಿಸಿದ. ನಾನು 30 ವರ್ಷ ಗಂಜ್‌ನಲ್ಲೇ ಗುಮಾಸ್ತನಾಗಿ ಕಿರ್ದಿ ಬರೆದವನು. ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ.

ನೀವೆಲ್ಲಾ ಮಷಿನ್ ಪ್ರಕಾರ ಇವತ್ತು ಯಾವ ದಿನ ಅಂತ ನೋಡುತ್ತಿದ್ದೀರಿ. ನಿಮ್ಮ ಮಾಮಾ ಅವರ ಪ್ರಕಾರ ಸೋಮವಾರ ನಸುಕಿನ ನಾಲ್ಕು ಗಂಟೆ ಯಾವ ದಿನ ಅಂತ ಕೇಳಿದ್ದೀರಾ? ನಮ್ಮ ಕಾಲದಲ್ಲಿ ರಾತ್ರಿ ಇಳಿದ ಮಾಲನ್ನು ಹಿಂದಿನ ದಿನದ ಪುಟದಲ್ಲೇ ಬರೆಯುತ್ತಿದ್ದೆವು. ಬೆಳಿಗ್ಗೆ ಅಂಗಡಿ ಕಸ ಹೊಡೆದು, ದೀಪ ಹಚ್ಚಿ, ಆಮೇಲೆ ಹೊಸ ಪುಟ. ಪಂಚಾಂಗದಲ್ಲೂ ವಾರ ಬದಲಾಗೋದು ಸೂರ್ಯ ಹುಟ್ಟಿದ ಮೇಲೆ, ರಾತ್ರಿ ಹನ್ನೆರಡಕ್ಕಲ್ಲ. ಹನ್ನೆರಡರ ಲೆಕ್ಕ ಕಾಟಾದವರದು, ಸರ್ಕಾರದ್ದು, ಬ್ಯಾಂಕಿನದು.

ಗಂಜ್‌ಹುಡುಗ

ಹಳೇಕಿರ್ದಿ ಕಾಕಾ, ನಿಮಗೆ ಕೈ ಮುಗಿಯಬೇಕು. ಮಾಮಾ ಅವರನ್ನು ಕೇಳಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿ, "ಹೊತ್ತು ಹೊಂಡೋತನಕ ನಿನ್ನಿದೇ ದಿನ ಅದಪಾ, ಅದರಾಗ ಕೇಳೋದು ಏನದ?" ಅಂದರು.

ಈಗ ನನಗೆ ತಲೆ ಗಿರ್ ಅಂದಿದ್ದು ಯಾಕೆ ಅಂದರೆ, ಸರ್ವರ್‌ನಲ್ಲಿ ದಿನ ಬದಲಾಗುತ್ತಿದ್ದದ್ದು ನಮ್ಮ ಬೆಳಿಗ್ಗೆ 5:30ಕ್ಕೆ. ಹೆಚ್ಚು ಕಡಿಮೆ ನಸುಕಿಗೆ! ಅಂದರೆ ಎರಡು ತಿಂಗಳು ನನ್ನ ಪ್ರೋಗ್ರಾಂ ತಪ್ಪಾಗಿ ಓಡುತ್ತಾ ಮಾಮಾ ಅವರ ಲೆಕ್ಕಕ್ಕೆ ಸರಿಯಾಗಿ ಬರುತ್ತಿತ್ತು, ಅದಕ್ಕೇ ಅವರಿಗೆ ಏನೂ ಅನ್ನಿಸಲೇ ಇಲ್ಲ. ನಾನು ಐದೂವರೆ ಕೂಡಿಸಿ ರಿಪೇರಿ ಮಾಡಿದ ದಿನದಿಂದ "ಈಗ ಯಾಕೋ ನಿನ್ನ ಮಷಿನ್ ಸರಿ ಇಲ್ಲ" ಅನ್ನುತ್ತಿದ್ದರು, ನಾನು ಕಿವಿಗೇ ಹಾಕಿಕೊಂಡಿರಲಿಲ್ಲ.

ಲೆಕ್ಕ ನೋಡುವವರಿಗೆ ಕಾಟಾ ಚೀಟಿಯ ದಿನಾಂಕ ಬೇಕು. ಮಾಮಾ ಅವರಿಗೆ ಸೂರ್ಯನ ದಿನ ಬೇಕು. ಯಾರ ಮಾತು ಕೇಳಲಿ?

ಸುರಪುರದವ

ಇಬ್ಬರದೂ ಕೇಳು. ಒಂದೇ ಕಾಲಂನಲ್ಲಿ ಎರಡು ಅರ್ಥ ತುಂಬಲು ಹೋಗಿದ್ದೇ ತಪ್ಪು, ನಾನೂ ನಿನಗೆ ಅದೇ ತಪ್ಪನ್ನು ನೀಟಾಗಿ ಮಾಡೋದು ಹೇಳಿಕೊಟ್ಟೆ. ಕಾಕಾ ಹೇಳುವವರೆಗೆ ನನಗೂ ಹೊಳೆದಿರಲಿಲ್ಲ.

ಮೊದಲು, ಎಂಟ್ರಿ ಆದ ಕ್ಷಣ. ಅದನ್ನು ಯುಟಿಸಿಯಲ್ಲೇ, ಗುರುತು ಹಚ್ಚಿ ಇಡು. ಆ ಕ್ಷಣ ಪ್ರಪಂಚಕ್ಕೆಲ್ಲಾ ಒಂದೇ. ಪಟ್ಟಿಯ ದಿನಾಂಕ ಅದರಿಂದಲೇ ಹುಟ್ಟಲಿ: ಕೋಲ್ಕತಾ ಝೋನ್‌ಗೆ ತಿರುಗಿಸಿ ದಿನಾಂಕ ತೆಗೆ, ಕಾಟಾ ಚೀಟಿಗೆ ಹೊಂದುತ್ತದೆ. ಇನ್ನೊಂದು ಕಾಲಂ ಅಂಗಡಿಯ ದಿನ. ಅದಕ್ಕೆ ನಮ್ಮ ಸಮಯದಿಂದ ಆರು ಗಂಟೆ ಕಳೆದು ದಿನಾಂಕ ತೆಗೆದರೆ ಸಾಕು, ಬೆಳಿಗ್ಗೆ ಆರಕ್ಕೆ ಪುಟ ತಿರುಗುತ್ತದೆ. ಜನವರಿಯಲ್ಲಿ ನಿಮ್ಮಲ್ಲಿ ಸೂರ್ಯ ಹುಟ್ಟೋದು ಏಳರ ಹತ್ತಿರ, ಬೇಸಿಗೆಯಲ್ಲಿ ಆರಕ್ಕಿಂತ ಮುಂಚೆ. ದಿನಾ ಸೂರ್ಯೋದಯ ಲೆಕ್ಕ ಹಾಕಲು ಹೋಗಬೇಡ, ಅಂಗಡಿ ಎಷ್ಟಕ್ಕೆ ತೆಗೆಯುತ್ತಾರೋ ಅದನ್ನೇ ಗಡಿ ಮಾಡು. ಕಳೆಯುವ ಆರನ್ನು ಸೆಟ್ಟಿಂಗ್‌ನಲ್ಲಿ ಇಡು, ಕೋಡ್ ಒಳಗೆ ಹೂತಿಡಬೇಡ.

ಹಾಗೇ, ರೈತನ ಬಿತ್ತನೆ ದಿನಾಂಕ ಅಂತಲೋ ಹುಟ್ಟಿದ ದಿನಾಂಕ ಅಂತಲೋ ಏನಾದರೂ ಇಟ್ಟರೆ ಅದಕ್ಕೆ ಝೋನ್, ಗಂಟೆ ಯಾವುದನ್ನೂ ಹಚ್ಚಬೇಡ. ಬರೀ ದಿನಾಂಕವನ್ನು ನಡುರಾತ್ರಿ 00:00 ಅಂತ ಮಾಡಿ ಯುಟಿಸಿಗೆ ತಿರುಗಿಸಿದರೆ ಹಿಂದಿನ ದಿನ ಸಂಜೆ 18:30 ಆಗಿಬಿಡುತ್ತದೆ. ಯಾವುದಾದರೂ ಡೇಟಾದಲ್ಲಿ ಎಲ್ಲಾ ಸಾಲಿನಲ್ಲೂ 18:30 ಅಂತ ಕಂಡರೆ ಯಾರೋ ನಮ್ಮವರೇ ಕೈ ಆಡಿಸಿದ್ದಾರೆ ಅಂತ ಲೆಕ್ಕ.

ಗವಾನ್‌ಗಲ್ಲಿ (ಬೀದರ್)

ಕಾಕಾ ಅವರ ಮಾತಿಗೆ ನನ್ನದೊಂದು ಸೇರಿಸಲಾ? ನಾನು ಹಳೆಯ ಜಮೀನು ಕಾಗದಗಳನ್ನು ಕಂಪ್ಯೂಟರ್‌ಗೆ ಹಾಕುವ ಕೆಲಸ ಮಾಡುತ್ತೇನೆ. ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತಲ್ಲ, 1948ರ ಸೆಪ್ಟೆಂಬರ್‌ವರೆಗಿನ ಕಾಗದಗಳಲ್ಲಿ ವರ್ಷ ಫಸಲಿಯಲ್ಲಿ (ಕಂದಾಯದ ಲೆಕ್ಕದ ವರ್ಷ) ಇರುತ್ತದೆ. 1317 ಫಸಲಿ, 1340 ಫಸಲಿ ಹೀಗೆ. ತಿಂಗಳ ಹೆಸರು ದೈ, ಬಹಮನ್, ಖುರ್ದಾದ್. ಯಾವ ಪ್ರೋಗ್ರಾಮಿಂಗ್ ಭಾಷೆಯ ಡೇಟ್ ಲೈಬ್ರರಿಯಲ್ಲೂ ನಮ್ಮ ಫಸಲಿಗೆ ರೆಡಿ ಫಂಕ್ಷನ್ ನನಗೆ ಸಿಗಲಿಲ್ಲ.

ಮೊದಲಿಗೆ ನಾನು ಮಾಡಿದ ತಪ್ಪು: 590 ಕೂಡಿಸಿ ಇಸವಿ ಅಂತ ಬರೆದುಬಿಟ್ಟೆ. ಆ ಫಸಲಿ ವರ್ಷ ಶುರುವಾಗೋದು ಅಕ್ಟೋಬರ್ ಮೊದಲ ವಾರದ ಸುಮಾರಿಗೆ. ಅಲ್ಲಿಂದ ಡಿಸೆಂಬರ್ ಕೊನೆಯವರೆಗೆ 590, ಜನವರಿ ಬಂದರೆ 591. ಪೊಲೀಸ್ ಆ್ಯಕ್ಷನ್ (ಭಾರತದ ಸೇನೆ ಹೈದರಾಬಾದ್ ಸಂಸ್ಥಾನಕ್ಕೆ ಬಂದದ್ದು) ನಡೆದ ಸೆಪ್ಟೆಂಬರ್ 1948 ಅಂದರೆ 1357 ಫಸಲಿ, ಕೂಡಿಸಿ ನೋಡಿ. ಮದ್ರಾಸ್ ಕಡೆಯ ಫಸಲಿ ಜುಲೈ 1ಕ್ಕೆ ಶುರು, ಅಲ್ಲಿಯ ಸೂತ್ರ ಇಲ್ಲಿಗೆ ತಂದರೆ ಮತ್ತೆ ತಪ್ಪು. ಒಂದು ಕ್ರಯಪತ್ರ ನನ್ನ ಲಿಸ್ಟ್‌ನಲ್ಲಿ ಅದರ ಹಿಂದಿನ ಕ್ರಯಪತ್ರಕ್ಕಿಂತ ಮೊದಲೇ ಆದ ಹಾಗೆ ಬಂದಿತ್ತು, ಮಾರುವ ಮೊದಲೇ ಮಾರಿದ ಹಾಗೆ.

ಈಗ ನಾನು ಕಾಗದದ ಮೇಲೆ ಇದ್ದದ್ದನ್ನು ಇದ್ದ ಹಾಗೇ ಒಂದು ಕಾಲಂನಲ್ಲಿ ಬರೆಯುತ್ತೇನೆ, ಲೆಕ್ಕ ಹಾಕಿದ್ದು ಪಕ್ಕದ ಕಾಲಂನಲ್ಲಿ. ತಿಂಗಳು ಓದಲು ಬರದಿದ್ದರೆ ದಿನಾಂಕ ಹುಟ್ಟಿಸಲ್ಲ, "ಅಕ್ಟೋಬರ್ 1930ರಿಂದ ಅಕ್ಟೋಬರ್ 1931ರ ನಡುವೆ" ಅಂತ ಎರಡು ತುದಿ ಹಾಕುತ್ತೇನೆ. ಜನವರಿ 1 ಅಂತ ಹಾಕಿ ಮುಂದೆ ಹೋಗುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಸೀದಾಮಾತು

ಟೈಮ್‌ಝೋನ್ ಮಾತು ವಾಪಸ್ ತಗೊಂಡೆ. ಆದರೆ ಇದನ್ನು ಕೇಳಿ, ಇದು ಎಲ್ಲರಿಗೂ ಆಗುತ್ತೆ: ಎಕ್ಸೆಲ್‌ನಿಂದ ಬರೋ ಸಿಎಸ್‌ವಿ ಫೈಲ್. 03/01/2025 ಅಂತ ಇದ್ದರೆ ನಮಗೆ ಜನವರಿ 3, ಪಾಂಡಾಸ್‌ಗೆ (ಡೇಟಾ ಓದುವ ಪೈಥಾನ್ ಲೈಬ್ರರಿ) ಹೇಳದಿದ್ದರೆ ಮಾರ್ಚ್ 1. ಹಳೆಯ ಪಾಂಡಾಸ್‌ನಲ್ಲಿ ಇನ್ನೂ ಕೆಟ್ಟದ್ದು ಏನೆಂದರೆ, 13/01 ಬಂದಾಗ 13ನೇ ತಿಂಗಳು ಇಲ್ಲವಲ್ಲ ಅಂತ ತಾನೇ ತಿರುಗಿಸಿಕೊಳ್ಳುತ್ತಿತ್ತು. ಹಾಗಾಗಿ ಪ್ರತಿ ತಿಂಗಳ ಮೊದಲ 12 ದಿನ ಉಲ್ಟಾ, 13ರಿಂದ ಸರಿ, ಎರರ್ ಇಲ್ಲ, ಏನೂ ಇಲ್ಲ. 2.0 ಆದ ಮೇಲೆ ಮೊದಲ ಸಾಲು ನೋಡಿ ಫಾರ್ಮ್ಯಾಟ್ ಹಿಡಿದು, ಹೊಂದದಿದ್ದರೆ ಕೂಗುತ್ತದೆ. ಅದನ್ನೂ ನಂಬಬೇಡಿ, ಫಾರ್ಮ್ಯಾಟ್ ನೀವೇ ಕೊಡಿ. ಕೊಡುವಾಗ ಚಿಕ್ಕ ಎಂ ತಿಂಗಳು, ದೊಡ್ಡ ಎಂ ನಿಮಿಷ. ಇದನ್ನು ಅದಲು ಬದಲು ಮಾಡಿ ಒಂದು ವಾರ ಎಲ್ಲಾ ದಿನಾಂಕವೂ ಜನವರಿ ಅಂತ ತೋರಿಸಿದ ಮಹಾನುಭಾವ ನಾನೇ.

ಇಡುವಾಗ 2025-01-13, ವರ್ಷ ಮೊದಲು. ಎಸ್‌ಕ್ಯೂಲೈಟ್‌ನಲ್ಲಿ ದಿನಾಂಕಕ್ಕೆ ಅಂತ ಬೇರೆ ಟೈಪೇ ಇಲ್ಲ, ಹೀಗೆ ಇಟ್ಟರೆ ಅದು ಬರೀ ಅಕ್ಷರ. ವರ್ಷ ಮೊದಲು ಇದ್ದರೆ ಅಕ್ಷರದ ಸಾಲು ಜೋಡಣೆಯೇ ದಿನದ ಜೋಡಣೆ.

ಗಂಜ್‌ಹುಡುಗ

ಎಲ್ಲಾ ಓದಿದೆ, ಎರಡು ರಾತ್ರಿ ಕೂತು ಮಾಡಿದೆ. ಹಳೆಯ ಸಾಲುಗಳದ್ದೇ ಚಿಂತೆ ಇತ್ತು. ಪುಣ್ಯಕ್ಕೆ ಟೇಬಲ್ ಮಾಡುವಾಗ ಎಲ್ಲಿಂದಲೋ ಕಾಪಿ ಹೊಡೆದ ಒಂದು ಕಾಲಂ ಇತ್ತು, ಕರೆಂಟ್ ಟೈಮ್‌ಸ್ಟಾಂಪ್ ಅಂತ. ಅದು ಎಸ್‌ಕ್ಯೂಲೈಟ್‌ನಲ್ಲಿ ಯಾವಾಗಲೂ ಯುಟಿಸಿಯೇ ಅಂತೆ, ಲ್ಯಾಪ್‌ಟಾಪ್ ಆಗಲಿ ಸರ್ವರ್ ಆಗಲಿ. ಅದಕ್ಕೆ ಯುಟಿಸಿ ಗುರುತು ಹಚ್ಚಿ, ಕೋಲ್ಕತಾಕ್ಕೆ ತಿರುಗಿಸಿ, ಎರಡೂ ದಿನಾಂಕ ಹೊಸದಾಗಿ ಬರೆದೆ. ಮೊದಲು ಡೇಟಾಬೇಸ್ ಫೈಲ್ ಕಾಪಿ ಮಾಡಿ ಇಟ್ಟುಕೊಂಡೇ ಮಾಡಿದ್ದು, ಬೈಯಬೇಡಿ. 41 ಪಟ್ಟಿಗಳ ದಿನಾಂಕ ಬದಲಾಯಿತು.

ಆದರೂ ಏಳು ಕಾಟಾ ಚೀಟಿಗೆ ಹೊಂದಲಿಲ್ಲ. ನೋಡಿದರೆ ಅವು ಕರೆಂಟ್ ಹೋದ ರಾತ್ರಿ ಹುಡುಗರು ಕಾಗದದ ಮೇಲೆ ಬರೆದುಕೊಂಡು ಮರುದಿನ ಮಧ್ಯಾಹ್ನ ಎಂಟ್ರಿ ಮಾಡಿದ್ದು. ಮಾಲು ಬಂದ ಸಮಯವೇ ಬೇರೆ, ನಾವು ಟೈಪ್ ಮಾಡಿದ ಸಮಯವೇ ಬೇರೆ. ಚೀಟಿ ನೋಡಿ ಕೈಯಿಂದ ತಿದ್ದಿದೆ. ಇನ್ನು ಮುಂದೆ ಮಾಲು ಬಂದ ಸಮಯಕ್ಕೆ ಒಂದು ಬಾಕ್ಸ್ ಇಡುತ್ತೇನೆ, ಸುಮ್ನೆ ಬಿಟ್ಟರೆ ಈಗಿನ ಸಮಯ, ಬೇಕಾದರೆ ಬದಲಾಯಿಸಬಹುದು.

ಮಾಮಾ ಅವರ ಪುಟ ಈಗ ಬೆಳಿಗ್ಗೆ ಆರೂವರೆಗೆ ತಿರುಗುತ್ತದೆ, ಅವರೇ ಹೇಳಿದ ಸಮಯ. ಲ್ಯಾಪ್‌ಟಾಪ್‌ಗೆ ಹೊಸ ಪೈಥಾನ್ ಹಾಕಿದೆ, ಅದು ವಿಂಡೋಸ್. ಅಲ್ಲಿ ಝೋನ್‌ಇನ್ಫೋ ಇದೆ, ಆದರೆ ಏಷ್ಯಾ ಕೋಲ್ಕತಾ ಅಂತ ಝೋನೇ ಸಿಗುತ್ತಿಲ್ಲ ಅಂತ ಎರರ್ ಕೊಡುತ್ತಿದೆ. ಸ್ಪೆಲ್ಲಿಂಗ್ ಮೂರು ಸಲ ನೋಡಿದೆ.

ಸುರಪುರದವ

ವಿಂಡೋಸ್‌ನಲ್ಲಿ ಆ ಟೈಮ್‌ಝೋನ್ ಪಟ್ಟಿ ಇರಲ್ಲ. ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ಹಾಕುವ ಕಮಾಂಡ್) ಟಿಝಡ್‌ಡೇಟಾ ಅನ್ನೋ ಪ್ಯಾಕೇಜ್ ಹಾಕು.

ಗಂಜ್‌ಹುಡುಗ

ಬಂತು ಅಣ್ಣಾ. ಪ್ಲಸ್ 05:30.